ಹನ್ನೊಂದು ಫ್ಯಾನಿನ ಮನೆ

ಬಾಬುರಾಯನಕೊಪ್ಪಲಿನ ಆ ಬೀದಿಯಲ್ಲಿ ಇಪ್ಪತ್ತಾರು ಮನೆ. ಪೇಪರು ತರಿಸುವ ಮನೆ ಒಂದೇ, ದೇವರಾಜುವಿನದು. ತರಿಸುವವನು ಒಬ್ಬ, ಓದುವವರು ಬೀದಿಗೆ ಬೀದಿಯೇ. ಬೆಳಿಗ್ಗೆ ಜಗಲಿಯ ಮೇಲೆ ಬಿದ್ದ ಪೇಪರು ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೂರು ಮನೆ ತಿರುಗಿ, ಒಂದು ಹಾಳೆ ಕಳೆದುಕೊಂಡು, ಕಾಫಿ ಲೋಟದ ಗುರುತು ಹೊತ್ತು ವಾಪಸು ಬರುತ್ತಿತ್ತು. ಕೇಳಿದರೆ, "ಸಂಬಳದೋನು ನೀನು, ಒಂದು ಪೇಪರ್‌ಗೆ ಇಂಗೆ ಅಳ್ತೀಯಲ್ಲಣ್ಣ" ಅನ್ನುತ್ತಿದ್ದರು. ಈ 'ಸಂಬಳದೋನು' ಎಂಬ ಮಾತು ಕಿವಿಗೆ ಬಿದ್ದರೆ ದೇವರಾಜುವಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವನು ಶ್ರೀರಂಗಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಅವನ ಅಪ್ಪ ಸಾಯುವ ಮುಂಚೆ ನಾಲೆ ಬಯಲಿನ ಗದ್ದೆಯನ್ನೆಲ್ಲ ತಮ್ಮನ ಹೆಸರಿಗೆ ಮಾಡಿ, "ನಿನ್ನ ಓದ್ಸಿವ್ನಿ, ಅದೇ ನಿನ್ನ ಭಾಗ ಕಣ್ಲಾ" ಎಂದಿದ್ದರು. ಗದ್ದೆ ಪಡೆದ ತಮ್ಮ ಎರಡು ಬೆಳೆ ತೆಗೆದು ಮಹಡಿ ಕಟ್ಟಿಸಿದ. ಓದು ಪಡೆದ ಅಣ್ಣನಿಗೆ ಇಪ್ಪತ್ತೇಳು ವರ್ಷದಿಂದ ಅದೇ ಸೈಕಲ್ಲು, ಅದೇ ಕಾವೇರಿ ಸೇತುವೆ, ಅದೇ ಬೆತ್ತ ಹರಿದ ಕುರ್ಚಿ. ಬಡವರ ಸಾಲಿನಲ್ಲಿ ಹೋಗಿ ನಿಂತರೆ ಸಂಬಳದವನೆಂದು ಹೊರಗೆ ಕಳಿಸುತ್ತಿದ್ದರು. ಉಳ್ಳವರ ಸಾಲಿನಲ್ಲಿ ನಿಲ್ಲಲು ಹೋದರೆ ಕಾಲಿನ ಚಪ್ಪಲಿ ನೋಡಿಯೇ ಪಕ್ಕಕ್ಕೆ ಸರಿಸುತ್ತಿದ್ದರು. ತೊಂಬತ್ತೆಂಟರ ಏಪ್ರಿಲ್ ತಿಂಗಳ ಮೊದಲ ವಾರ ಆ ಪೇಪರಿನಲ್ಲಿ ಅರ್ಧ ಪುಟದ ಲೇಖನ ಬಂದಿತ್ತು: ಮಧ್ಯಮ ವರ್ಗ ನಿಜಕ್ಕೂ ಕುಗ್ಗುತ್ತಿದೆಯೇ? ದೆಹಲಿಯ ಒಬ್ಬ ಪಂಡಿತರು ಹೌದು ಎಂದಿದ್ದರು. ಇನ್ನೊಬ್ಬರು, ದೇಶದಲ್ಲಿ ಟೀವಿ, ಫ್ಯಾನು, ಸ್ಕೂಟರು ಇಷ್ಟೊಂದು ಮಾರಾಟವಾಗುತ್ತಿರುವಾಗ ಕುಗ್ಗುವುದು ಹೇಗೆ ಎಂದು ಕೇಳಿದ್ದರು. ಲೇಖನದ ಮುಂದಿನ ಭಾಗ ಕಳೆದುಹೋದ ಹಾಳೆಯಲ್ಲಿತ್ತು. ತೀರ್ಪು ಏನಾಯಿತೋ ದೇವರಾಜುವಿಗೆ ಗೊತ್ತಾಗಲೇ ಇಲ್ಲ.

ಅದೇ ವಾರ ಸುದ್ದಿ ಬಂತು. ಬಡವರು ಯಾರು ಎಂದು ಸರ್ಕಾರ ಮನೆ ಮನೆಗೆ ಬಂದು ಬರೆದುಕೊಳ್ಳುತ್ತದಂತೆ. ಪಟ್ಟಿಯಲ್ಲಿ ಹೆಸರು ಬಂದರೆ ಅಗ್ಗದ ಅಕ್ಕಿ, ಮನೆಗೆ ಸಹಾಯ, ಇನ್ನೂ ಏನೇನೋ. ಆದರೆ ಮನೆಯಲ್ಲಿ ಫ್ಯಾನಿದ್ದರೆ ಬಡವನಲ್ಲ. ಟೀವಿ ಇದ್ದರೆ ಬಡವನಲ್ಲ. ಫ್ರಿಜ್ಜು, ಮೋಟಾರ್ ಬೈಕು ಇದ್ದರಂತೂ ಕೇಳುವುದೇ ಬೇಡ. ಬರೆದುಕೊಳ್ಳಲು ಬರುವವರು ಸರ್ಕಾರಿ ಶಾಲೆಯ ಶಿವಶಂಕರ್ ಮೇಷ್ಟ್ರು, ಸೋಮವಾರ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎದುರು ಮನೆಯ ಮಂಚಯ್ಯ ಬಂದು ಜಗಲಿಯ ಮೇಲೆ ಕುಳಿತ. ಮಂಚಯ್ಯನಿಗೆ ಮೂರೂವರೆ ಎಕರೆ ಕಬ್ಬು, ನಾಲ್ಕು ಸೀಮೆ ಹಸು. ಬೀದಿಯ ಒಂದೇ ಒಂದು ಫ್ರಿಜ್ಜು ಅವನದೇ.

"ದೇವ್ರಾಜಣ್ಣ, ನಿಂಗೆ ಎಂಗಿದ್ರೂ ಸಂಬ್ಳ ಬತ್ತದೆ. ನಿನ್ನ ಹೆಸ್ರು ಆ ಪಟ್ಟೀಲಿ ಬರಕ್ಕಿಲ್ಲ."

"ಅದನ್ನ ಹೇಳಕ್ಕೆ ಇಲ್ಲಿಗಂಟ ಬಂದ್ಯಾ?"

"ಅಂಗಲ್ಲ ಕನಣ್ಣ. ನಿನ್ನ ಮನೇಲಿ ಏನಿದ್ರೂ ನಿಂಗೇನೂ ನಷ್ಟ ಇಲ್ಲ. ಅದ್ಕೆ ನಮ್ಮ ಸಾಮಾನು ಒಂದೆರಡು ದಿನ ನಿಮ್ಮನೇಲಿ ಮಡಗ್ಬುಡ್ತೀವಿ. ಮೇಷ್ಟ್ರು ಬಂದೋದ ಮ್ಯಾಕೆ ತಗೊಂಡೋಯ್ತೀವಿ."

ದೇವರಾಜುವಿಗೆ ಬೇಡ ಎನ್ನುವ ಆಸೆ ಇತ್ತು. ಆದರೆ ಬೇಡ ಎನ್ನುವುದು ಅವನ ಹುಟ್ಟುಗುಣದಲ್ಲೇ ಇರಲಿಲ್ಲ. ಆ ಗುಣವಿದ್ದಿದ್ದರೆ ಗದ್ದೆಯಲ್ಲಿ ಪಾಲಾದರೂ ಸಿಗುತ್ತಿತ್ತು. "ಒಂದೆರಡು ದಿನ ಅಂದ್ರೆ ಒಂದೆರಡೇ ದಿನ" ಎಂದ. ಅವನ ಹೆಂಡತಿ ಜಯಲಕ್ಷ್ಮಮ್ಮ ಒಳಗಿನಿಂದಲೇ, "ಗುರುವಾರ ಸುನಿತನ್ನ ನೋಡಕ್ಕೆ ಬತ್ತಾವ್ರೆ, ಗ್ಯಾನ ಇರ್ಲಿ" ಎಂದು ಪಾತ್ರೆ ಕುಕ್ಕಿದಳು.

ಹಾಡಹಗಲೇ ಮೆರವಣಿಗೆ ಶುರುವಾಯಿತು. ಮಂಚಯ್ಯನ ಫ್ರಿಜ್ಜು ಎತ್ತಿನ ಗಾಡಿಯ ಮೇಲೆ ರಸ್ತೆ ದಾಟಿತು. ಹಿಂದೆಯೇ ಐದು ಟೀವಿ, ಹತ್ತು ಸೀಲಿಂಗ್ ಫ್ಯಾನು, ಆರು ಮಿಕ್ಸಿ, ಹಿತ್ತಲಿಗೆ ಎರಡು ಮೋಟಾರ್ ಬೈಕು. ಮೂಲೆಮನೆಯ ಚಿಕ್ಕಬೋರಮ್ಮ ಮೊಮ್ಮಗನ ಟೇಪ್ ರೆಕಾರ್ಡರನ್ನು ಸೆರಗಿನಲ್ಲಿ ಸುತ್ತಿ ತಂದು, "ಹುಷಾರಾಗಿ ನೋಡ್ಕಳಪ್ಪ, ಇದು ಬಲ್ ಸೂಕ್ಷ್ಮ" ಎಂದು ಎಚ್ಚರಿಕೆ ಬೇರೆ ಕೊಟ್ಟಳು. ಉಪಕಾರ ಮಾಡಿದವನಿಗೆ ಬುದ್ಧಿಮಾತು ಹೇಳುವುದರಲ್ಲಿ ನಮ್ಮ ಜನ ಯಾವತ್ತೂ ಹಿಂದೆ ಬೀಳುವುದಿಲ್ಲ.

ಇಷ್ಟರ ನಡುವೆ ದೇವರಾಜುವಿನದೇ ಎಂದು ಇದ್ದದ್ದು ಒಂದು ಹಸಿರು ಬಣ್ಣದ ಟೇಬಲ್ ಫ್ಯಾನು. ಮಗಳು ಸುನಿತಾ ಎಸ್ಸೆಸ್ಸೆಲ್ಸಿ ಓದುವಾಗ ಸೆಕೆಯಲ್ಲಿ ತೂಕಡಿಸದಿರಲಿ ಎಂದು ತಂದದ್ದು. ಒಂದು ಕಾಲು ಮುರಿದಿದ್ದರಿಂದ ಅದರ ಕೆಳಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದ್ದ. ಬಲಕ್ಕೆ ತಿರುಗಿದಾಗಲೆಲ್ಲ ಅದು ಕಟಕ್ ಎಂದು ಸದ್ದು ಮಾಡುತ್ತಿತ್ತು.

ಸೋಮವಾರ ಮೇಷ್ಟ್ರು ಬರಲಿಲ್ಲ. ಮಂಗಳವಾರ ಪಾಲಹಳ್ಳಿಯಲ್ಲಿ ಬರೆಯುತ್ತಿದ್ದಾರೆಂದು ಸುದ್ದಿ. ಬುಧವಾರ ಅದೂ ಇಲ್ಲ. ಸಾಮಾನು ತೆಗೆದುಕೊಂಡು ಹೋಗಿ ಎಂದರೆ ಬೀದಿಯವರು ಕೈ ಮುಗಿಯುತ್ತಿದ್ದರು: "ಯಾವ ಗಳಿಗೇಲಿ ಬತ್ತರೋ, ಇನ್ನೊಂದಿನ ತಡ್ಕಳಣ್ಣ." ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಜಯಲಕ್ಷ್ಮಮ್ಮ ಗಂಡನ ಜತೆ ಮಾತು ಬಿಟ್ಟಿದ್ದಳು. ಮಾತು ಬಿಟ್ಟಿದ್ದಾಳೆಂದು ತಿಳಿಸಲು ಮಾತ್ರ ಆಗಾಗ ಮಾತಾಡುತ್ತಿದ್ದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಸುನಿತಾಳಿಗೆ ಇಪ್ಪತ್ತಮೂರು ತುಂಬಿತ್ತು. ಬಂದ ಐದು ಸಂಬಂಧಗಳೂ ಗುಮಾಸ್ತನ ಮನೆ ಎಂದು ಕೇಳಿ ತಿರುಗಿಹೋಗಿದ್ದವು. ಆರನೆಯದನ್ನು ತಂದವನು ಜಯಲಕ್ಷ್ಮಮ್ಮನ ಅಣ್ಣ ಮರಿಸ್ವಾಮಿ, ಕೆ.ಆರ್.ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಹುಡುಗ ಲೋಕೇಶ್, ಗೋವಿಂದನಹಳ್ಳಿಯ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಹುಡುಗನ ತಂದೆ ಬೋರಯ್ಯ, ಮಿತಭಾಷಿ. ಹದಿನೈದು ದಿನದ ಹಿಂದೆ ದೇವರಾಜು ಹೋಗಿ ಅವರ ಮನೆ ನೋಡಿ ಬಂದಿದ್ದ. ಮನೆಯಲ್ಲಿ ಆಡಂಬರದ ಒಂದು ವಸ್ತುವೂ ಇರಲಿಲ್ಲ. ಎರಡು ಚಾಪೆ, ಒಂದು ಮರದ ಬೆಂಚು. ಹಜಾರದ ಸೂರಿನಲ್ಲಿ ಒಂದು ಕಬ್ಬಿಣದ ಕೊಕ್ಕೆ ಮಾತ್ರ. ತೊಟ್ಟಿಲು ಕಟ್ಟುವ ಕೊಕ್ಕೆ ಎಂದುಕೊಂಡು ದೇವರಾಜುವಿಗೆ ಒಳಗೇ ಖುಷಿಯಾಗಿತ್ತು. "ನಮ್ಗೆ ಹೆಣ್ಣು ಸಾಕು, ಇನ್ನೇನೂ ಬ್ಯಾಡಿ" ಎಂದಿದ್ದರು ಬೋರಯ್ಯ. ಸುನಿತಾ ಹುಡುಗನ ಫೋಟೋವನ್ನು ಎರಡು ಸಲ ತೆಗೆದು ನೋಡಿದ್ದನ್ನು ಜಯಲಕ್ಷ್ಮಮ್ಮ ಕಂಡಿದ್ದಳು.

ಗುರುವಾರ ದೇವರಾಜು ರಜೆ ಹಾಕಿದ. ಹತ್ತು ಗಂಟೆಗೆ ಬೀದಿಯ ತುದಿಯಲ್ಲಿ ಯಾರು ಕಾಣಿಸಿಕೊಳ್ಳಬೇಕು? ಶಿವಶಂಕರ್ ಮೇಷ್ಟ್ರು! ಕಂಕುಳಲ್ಲಿ ಕಾಗದದ ಕಟ್ಟು, ಕುತ್ತಿಗೆಗೆ ಒದ್ದೆ ಟವೆಲು. ದೇವರಾಜುವನ್ನು ಕಂಡದ್ದೇ ಅವರಿಗೆ ಹೋದ ಜೀವ ಬಂದಂತಾಯಿತು.

"ಬನ್ನಿ ಸಾರ್, ಓದಿದೋರೊಬ್ರು ಸಿಕ್ಕಿದ್ರಲ್ಲ. ಎಲ್ಲಾ ಹಾಳೆಗೂ ಒಬ್ಬರು ಸಾಕ್ಷಿ ರುಜು ಹಾಕ್ಬೇಕು."

ಮನೆ ಮನೆಗೆ ಹೋದರು. ಮಂಚಯ್ಯ ಬನಿಯನ್ನಿಗೆ ಬೇಕೆಂದೇ ಒಂದು ತೂತು ಮಾಡಿಕೊಂಡು ನಿಂತಿದ್ದ. ಫ್ಯಾನು? ಇಲ್ಲ. ಟೀವಿ? ಇಲ್ಲ. ಫ್ರಿಜ್ಜು? "ಅಂಗಂದ್ರೇನು ಸಾ?" ಮೇಷ್ಟ್ರು ಗೋಡೆಯ ಮೇಲೆ ಫ್ರಿಜ್ಜಿನ ಆಕಾರಕ್ಕೆ ಬೆಳ್ಳಗೆ ಉಳಿದಿದ್ದ ಜಾಗವನ್ನು ನೋಡಿದರು, 'ಇಲ್ಲ' ಎಂದು ಬರೆದುಕೊಂಡರು. ದೇವರಾಜು ರುಜು ಹಾಕಿದ. ಮುಂದಿನ ಮನೆ, ಮತ್ತೆ ರುಜು. ಹನ್ನೆರಡರ ಹೊತ್ತಿಗೆ ಇಪ್ಪತ್ತೈದು ಹಾಳೆಗಳ ಕೆಳಗೆ ಅವನ ದುಂಡನೆಯ ಗುಮಾಸ್ತ ಅಕ್ಷರದ ಸಹಿ ಕುಳಿತಿತ್ತು. ಬೀದಿಯವರು ಅವನನ್ನು ದೇವರನ್ನು ನೋಡುವಂತೆ ನೋಡಿದರು.

ಅಷ್ಟರಲ್ಲಿ ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿಕೊಂಡು ಗೋವಿಂದನಹಳ್ಳಿಯವರು ಬಂದಿಳಿದರು. ಬೋರಯ್ಯ, ಅವರ ಹೆಂಡತಿ, ಲೋಕೇಶ್, ಜತೆಗೆ ಮರಿಸ್ವಾಮಿ. ಜಯಲಕ್ಷ್ಮಮ್ಮ ಫ್ರಿಜ್ಜಿಗೆ ತನ್ನ ಹಳೆ ಸೀರೆ ಹೊದಿಸಿದ್ದಳು. ಟೀವಿಗಳನ್ನು ಒತ್ತೊತ್ತಾಗಿ ಇಟ್ಟು ಮೇಲೆ ಜಮಖಾನ ಹಾಸಿದ್ದಳು. ಫ್ಯಾನುಗಳ ರೆಕ್ಕೆಗಳು ಮಂಚದ ಕೆಳಗಿನಿಂದ ಹೊರಕ್ಕೆ ಚಾಚಿಕೊಂಡಿದ್ದವು. ಬಂದವರು ಚಾಪೆಯ ಮೇಲೆ ಕುಳಿತರು. ಸುನಿತಾ ಕಾಫಿ ತಂದಳು. ಲೋಕೇಶ್ ತಲೆ ಎತ್ತಿ ನೋಡಿದ, ಸುನಿತಾಳೂ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು.

"ಇದೊಂದು ಮನೆ ಉಳೀತು ಸಾರ್" ಎಂದು ಶಿವಶಂಕರ್ ಮೇಷ್ಟ್ರು ಒಳಗೆ ಬಂದರು. ಸುಸ್ತಾಗಿತ್ತು ಪಾಪ. ಕುಳಿತುಕೊಳ್ಳಲು ಜಾಗ ಹುಡುಕಿ ಜಮಖಾನದ ಮೇಲೆ ಕೂತರು. ಕೂತದ್ದೇ ಏನೋ ಲಟಕ್ಕೆಂದಿತು. ಎದ್ದು ಜಮಖಾನ ಎತ್ತಿದರು. ಐದು ಟೀವಿಗಳು ಐದು ಕಡೆ ಮುಖ ಮಾಡಿ ಕುಳಿತಿದ್ದವು. ಫ್ರಿಜ್ಜಿನ ಸೀರೆಯೂ ಅದೇ ಹೊತ್ತಿಗೆ ಜಾರಬೇಕೆ?

ಬಾಗಿಲಲ್ಲಿ, ಕಿಟಕಿಯಲ್ಲಿ ಬೀದಿಯವರ ಮುಖಗಳು ಮೂಡಿದವು. ಮಂಚಯ್ಯನ ಮುಖ ಎಲ್ಲಕ್ಕಿಂತ ಮುಂದೆ.

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಕೇಳಿದರು: "ಇವೆಲ್ಲಾ ನಿಮ್ದೇನಾ?"

ಬೋರಯ್ಯ ಕಾಫಿ ಲೋಟ ಕೆಳಗಿಟ್ಟು ದೇವರಾಜುವಿನ ಮುಖ ನೋಡಿದರು.

ಅಲ್ಲ ಎಂದರೆ ಇಪ್ಪತ್ತೈದು ಮನೆಯ ಹೆಸರು ಪಟ್ಟಿಯಿಂದ ಹೋಗುತ್ತದೆ. ಅಲ್ಲ ಎಂದರೆ ತನ್ನದೇ ಇಪ್ಪತ್ತೈದು ರುಜು ಸುಳ್ಳಾಗುತ್ತದೆ. ಇದೆಲ್ಲ ಅವನಿಗೆ ಹೊಳೆದದ್ದು ನಿಜ. ಆದರೆ ಇನ್ನೊಂದೂ ಇತ್ತು, ಅದನ್ನು ಮುಚ್ಚಿಟ್ಟರೆ ಕತೆ ಸುಳ್ಳಾಗುತ್ತದೆ. ಐವತ್ತು ವರ್ಷದ ಬಾಳಿನಲ್ಲಿ ಅವನ ಮನೆಯ ಸಾಮಾನನ್ನು ಯಾರೂ ಹೀಗೆ ಕಣ್ಣರಳಿಸಿ ನೋಡಿರಲಿಲ್ಲ. ಗುಮಾಸ್ತನ ಮನೆಯೆಂದು ಐದು ಸಂಬಂಧಗಳು ತಿರುಗಿಹೋದ ಅದೇ ನಡುಮನೆಯಲ್ಲಿ ಈಗ ಬೀಗರಾಗುವವರು ಬಾಯಿ ಬಿಟ್ಟು ಕುಳಿತಿದ್ದರು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ನಮ್ದೇ" ಎಂದ ದೇವರಾಜು.

"ಫ್ಯಾನು ಹನ್ನೊಂದು ಇದ್ದಂಗದೆ?"

"ನಮ್ ಕಡೆ ಸೆಕೆ ಜಾಸ್ತಿ ಸಾರ್."

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ನಾಲಿಗೆಗೆ ರುಚಿ ಹತ್ತಿತ್ತು. "ಫ್ರಿಜ್ಜು ಹೋದ ವರ್ಷ ತಗೊಂಡದ್ದು, ಗೌರಿ ಹಬ್ಬಕ್ಕೆ" ಎಂದ. ಯಾರೂ ಕೇಳಿರಲಿಲ್ಲ.

ಮೇಷ್ಟ್ರು ಅವನನ್ನು ಒಂದು ಗಳಿಗೆ ನೋಡಿ ಬರೆದುಕೊಂಡರು. ಕಾಗದದ ಕಟ್ಟು ಕಟ್ಟುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಇಪ್ಪತ್ತಾರು ಮನೆ. ಇಪ್ಪತ್ತೈದು ಬಡವರು, ಒಬ್ಬರು ಸಾಹುಕಾರ್ರು. ಮಧ್ಯಮ ವರ್ಗ ಅನ್ನೋದು ಈ ಬೀದೀಲಿ ಒಂದು ಮನೇನೂ ಇಲ್ಲ ನೋಡಿ." ಪೇಪರಿನಲ್ಲಿ ಕಳೆದುಹೋಗಿದ್ದ ಹಾಳೆಯ ತೀರ್ಪು ಕೊನೆಗೂ ಅವನ ಮನೆಯೊಳಗೇ ಬಂದು ಬಿದ್ದಿತ್ತು. ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಮೇಷ್ಟ್ರು ಹೋದರು. ಬೀದಿಯವರೂ ಕರಗಿದರು. ಬೋರಯ್ಯ ಮಾತ್ರ ಏಳಲಿಲ್ಲ. ಇನ್ನೊಂದು ಲೋಟ ಕಾಫಿ ಕೇಳಿ ಕುಡಿದರು. ಅರ್ಧ ಗಂಟೆ ಕುಳಿತರು. ಒಮ್ಮೆ, "ಐದು ಟೀವಿ ಯಾಕಪ್ಪ?" ಎಂದರು.

"ಇರ್ಲಿ ಅಂತ" ಎಂದ ದೇವರಾಜು.

ಲೋಟ ಪಕ್ಕಕ್ಕೆ ಸರಿಸಿ ಬೋರಯ್ಯ, "ನಮ್ಮೂರ್ಗೂ ಹೋದ ತಿಂಗ್ಳು ಮೇಷ್ಟ್ರು ಬಂದಿದ್ರು ಬರ್ಕಳಕ್ಕೆ" ಎಂದು ನಿಲ್ಲಿಸಿದರು. ಮುಂದಿನ ಮಾತು ದೇವರಾಜುವಿನದಾಗಲಿ ಎಂಬಂತೆ ಅವನ ಮುಖ ನೋಡಿದರು.

"ಹೌದಾ" ಎಂದ ದೇವರಾಜು.

ಅಡುಗೆಮನೆಯ ಬಾಗಿಲಲ್ಲಿ ಖಾಲಿ ತಟ್ಟೆ ಹಿಡಿದು ನಿಂತಿದ್ದ ಸುನಿತಾ ಅಪ್ಪನನ್ನೇ ನೋಡುತ್ತಿದ್ದಳು. ಅವಳ ತುಟಿ ಒಮ್ಮೆ ಅಲುಗಿತು. ಆದರೆ ಹೆಣ್ಣು ನೋಡಲು ಬಂದವರ ಮುಂದೆ ಹೆಣ್ಣು ಮಾತಾಡುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಬೋರಯ್ಯ ಎದ್ದು ಟವೆಲು ಕೊಡವಿ, "ಮರಿಸ್ವಾಮಿ ಕೈಲಿ ಹೇಳಿ ಕಳಿಸ್ತೀವಿ" ಎಂದು ಹೊರಟರು.

ಅವರ ಬೆನ್ನು ಮರೆಯಾದದ್ದೇ ತಡ, ಬೀದಿಯೆಲ್ಲ ಒಳನುಗ್ಗಿತು. "ದೊಡ್ಡ ಮನ್ಸು ಕನಣ್ಣ ನಿಂದು!" "ಹತ್ತು ಜನ್ಮ ಎತ್ತಿದ್ರೂ ಋಣ ತೀರ್ಸಕ್ಕಾಗಕ್ಕಿಲ್ಲ!" ಎಂದು ಹೊಗಳುತ್ತ, ಹೊಗಳಿಕೆಯ ಜತೆಗೇ ಸಾಮಾನೂ ಎತ್ತುತ್ತ, ಮುಕ್ಕಾಲು ಗಂಟೆಯಲ್ಲಿ ಮನೆ ಗುಡಿಸಿದಂತೆ ಮಾಡಿದರು. ಚಿಕ್ಕಬೋರಮ್ಮ ಟೇಪ್ ರೆಕಾರ್ಡರಿಗೆ ಗೀರು ಬಿದ್ದಿದೆ ಎಂದು ಗೊಣಗಿಕೊಂಡೇ ಹೋದಳು. ಎಲ್ಲರೂ ಹೋದ ಮೇಲೆ ನೋಡಿದರೆ ಹಸಿರು ಟೇಬಲ್ ಫ್ಯಾನು ಇರಲಿಲ್ಲ.

"ಯಾರ ಸಾಮಾನಿನ ಜತೆಗೋ ಹೋಗಿರ್ಬೇಕು, ತಂದ್ಕೊಡ್ತಾರೆ ಬುಡು" ಎಂದ ದೇವರಾಜು. ಅವನ ಮನಸ್ಸು ಗೋವಿಂದನಹಳ್ಳಿಯಲ್ಲಿತ್ತು. "ಬೀದಿಯೋರ ಮಾನ ಉಳಿಸ್ದೆ ಕಣೇ."

ಜಯಲಕ್ಷ್ಮಮ್ಮ ಮಾತು ಬಿಟ್ಟಿದ್ದನ್ನು ಮರೆತಳು. "ಬೀದಿಯೋರ ಮಾನ! ಫ್ರಿಜ್ಜು ಗೌರಿ ಹಬ್ಬಕ್ಕೆ ತಂದೆ ಅಂದ್ರಲ್ಲ, ಅದೂ ಬೀದಿಯೋರ್ಗೋಸ್ಕರನೇನು? ಬೀಗರ ಮುಂದೆ ಮೆರೀಬೇಕಾಗಿತ್ತು ನಿಮ್ಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!"

ಭಾನುವಾರ ಮರಿಸ್ವಾಮಿ ಒಬ್ಬನೇ ಬಂದ. ನೀರು ಕೂಡ ಕೇಳದೆ ಜಗಲಿಯ ಮೇಲೆ ಕುಳಿತ. ಅಷ್ಟರಲ್ಲೇ ಜಯಲಕ್ಷ್ಮಮ್ಮನಿಗೆ ಗೊತ್ತಾಗಿಹೋಯಿತು.

"ಬ್ಯಾಡ ಅಂದ್ರು ಭಾವ."

"ಯಾಕೆ? ನಮ್ಮನೇಲಿ ಏನು ಕಮ್ಮಿ ಕಂಡ್ರಂತೆ?" ದೇವರಾಜುವಿನ ದನಿ ಏರಿತು.

"ಕಮ್ಮಿ ಅಲ್ಲ." ಮರಿಸ್ವಾಮಿ ಅಂಗಳ ನೋಡುತ್ತ ಹೇಳಿದ. "ಬೋರಯ್ಯೋರು ಅಂದದ್ದು ಅಂದಂಗೇ ಹೇಳ್ತೀನಿ. ನಮ್ಮ ಫ್ಯಾನು, ಟೀವೀನೂ ಹೋದ ತಿಂಗ್ಳು ಪೋಸ್ಟ್ ಮಾಸ್ಟ್ರ ಮನೇಲಿ ಮಡಗಿದ್ವಿ, ತಪ್ಪೇನು, ಊರಲ್ಲೆಲ್ಲ ಮಡಗವ್ರೆ. ಆ ಸಾಮಾನು ಅವರದಲ್ಲ ಅಂತ ಕಂಡ ತಕ್ಷಣ ಗೊತ್ತಾಯ್ತು. ಮೇಷ್ಟ್ರ ಮುಂದೆ ನಮ್ದು ಅಂದ್ರು, ಸರಿ, ಬೀದಿ ಉಳಿಸಿದ್ರು, ದೊಡ್ಡೋರೇ ಅನ್ಕಂಡೆ. ಮೇಷ್ಟ್ರು ಹೋದ್ಮೇಲೆ ಅರ್ಧ ಗಂಟೆ ಕೂತಿದ್ದೆ, ನಿಜ ಒಂದು ಮಾತು ಹೇಳ್ತಾರೇನೋ ಅಂತ. ಬಾಯಿ ಬಿಟ್ಟು ಕೇಳ್ದೆ ಕೂಡ. ಹೇಳ್ಲಿಲ್ಲ. ಸರ್ಕಾರದ ಹತ್ರ ಸುಳ್ಳು ಎಲ್ರೂ ಹೇಳ್ತೀವಿ, ಬೀಗರ ಹತ್ರ ಹೇಳೋ ಮನೆ ಹೆಣ್ಣು ಬ್ಯಾಡ ಅಂದ್ಬುಟ್ರು."

ದೇವರಾಜುವಿಗೆ ಆ ಕೊಕ್ಕೆ ನೆನಪಾಯಿತು. ಗೋವಿಂದನಹಳ್ಳಿಯ ಹಜಾರದ ಸೂರಿನ ಕೊಕ್ಕೆ. ತೊಟ್ಟಿಲಿನದಲ್ಲ, ಫ್ಯಾನಿನದು. ಅದರ ಸುತ್ತ ಸೂರಿನ ಸುಣ್ಣದ ಮೇಲೆ ಫ್ಯಾನಿನ ಗಾಳಿಗೆ ಕರಿ ಹಿಡಿದ ದುಂಡನೆಯ ಗುರುತೂ ಇತ್ತು. ನೋಡಿದ್ದ, ನೋಡಿಯೂ ತಿಳಿದಿರಲಿಲ್ಲ. ಅವರೂ ತನ್ನಂಥವರೇ! ಒಂದು ಫ್ಯಾನು, ಒಂದು ಟೀವಿ, ಒಂದು ಸುಳ್ಳು, ಅಷ್ಟೇ. ತಾನು ಬೆರಗುಗೊಳಿಸಲು ಹೊರಟದ್ದು ತನ್ನವರನ್ನೇ. ಒಂದು ಮಾತು, 'ನಮ್ದಲ್ಲ ಬೋರಯ್ಯೋರೇ, ಆ ಹಸಿರು ಫ್ಯಾನೊಂದೇ ನಮ್ದು' ಎಂದಿದ್ದರೆ ಇವತ್ತು ಈ ಮನೆಯಲ್ಲಿ ಪಾಯಸ ಬೇಯುತ್ತಿತ್ತು. ಅವನಿಗೆ ತನ್ನ ನಾಲಿಗೆಯನ್ನೇ ಕಿತ್ತು ಬೀದಿಗೆ ಎಸೆಯುವಷ್ಟು ಸಿಟ್ಟು ಬಂತು.

ಒಳಕೋಣೆಯಲ್ಲಿ ಸುನಿತಾ ಗೋಡೆಗೊರಗಿ ಕುಳಿತಿದ್ದಳು. ಅಳುತ್ತಿರಲಿಲ್ಲ. ಸೆಕೆಗೆ ಹಳೆ ಪೇಪರನ್ನು ಮಡಿಸಿ ಬೀಸಿಕೊಳ್ಳುತ್ತಿದ್ದಳು. ಜಯಲಕ್ಷ್ಮಮ್ಮ ಗಂಡನ ಕಡೆ ತಿರುಗದೆ, "ಆ ಫ್ಯಾನಾದ್ರೂ ತಂದ್ಕೊಡಿ" ಎಂದಳು.

ಹುಡುಕಬೇಕಾದದ್ದೇ ಇರಲಿಲ್ಲ. ರಸ್ತೆ ದಾಟುತ್ತಿದ್ದಂತೆ ಮಂಚಯ್ಯನ ಮನೆಯೊಳಗಿನಿಂದ ಕೇಳಿಸಿತು. ಕಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಕಟಕ್.

"ಮಂಚಯ್ಯ, ನಮ್ಮ ಫ್ಯಾನು ನಿಮ್ಮನೇಲದೆ."

ಮಂಚಯ್ಯ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತ ಹೊರಗೆ ಬಂದ. ಒಳ್ಳೆಯ ಲಹರಿಯಲ್ಲಿದ್ದ. "ನಮ್ಮನೇಲಿ ಫ್ಯಾನು ಎಲ್ಲಿಂದ ಬತ್ತದಣ್ಣ? ಬಡವ್ರು ನಾವು. ಸರ್ಕಾರನೇ ಬರ್ಕೊಂಡೋಗದೆ." ಹೆಬ್ಬೆಟ್ಟಿನಿಂದ ಸುಣ್ಣ ಸವರುತ್ತ ನಕ್ಕ. "ನೀನೇ ಅಲ್ವೇನಣ್ಣ ಸಾಕ್ಷಿ ರುಜು ಹಾಕ್ದೋನು?"

ತಮಾಷೆಗೇ ಹೇಳಿದ್ದು. ಆಮೇಲೆ, "ಹೆಣ್ಮಕ್ಳು ಬದ್ಲಾಯಿಸ್ಕಂಡು ತಂದ್ಬುಟ್ಟವ್ರೆ, ಒಳೀಕ್ ಬಾ, ತಗೊಂಡೋಗು" ಎಂದೂ ಹೇಳಿದ. ಆದರೆ ದೇವರಾಜುವಿಗೆ ನಗಲಾಗಲಿಲ್ಲ, ಬೈಯಲೂ ಆಗಲಿಲ್ಲ. ಏನೆಂದು ಬೈಯುವುದು? ಹಾಳೆಯ ಮೇಲೆ ಸಹಿ ಅವನದೇ. ಒಳಗೆ ಹೋಗಿ ಸ್ವಿಚ್ಚು ಆರಿಸಿ, ವಯರು ಸುತ್ತಿ, ಫ್ಯಾನನ್ನು ಎದೆಗವಚಿಕೊಂಡು ಹೊರಬಂದ. ಬೀದಿಯ ಎರಡೂ ಕಡೆ ಜಗಲಿಯ ಮೇಲೆ ಕುಳಿತವರು ನೋಡುತ್ತಿದ್ದರು. ಮನೆಮನೆಯಲ್ಲೂ ಸೂರಿನ ಫ್ಯಾನುಗಳು ಗರಗರ ತಿರುಗುತ್ತಿದ್ದವು.

ಕೋಣೆಯಲ್ಲಿ ಸುನಿತಾಳ ಮುಂದೆ ಫ್ಯಾನನ್ನು ಇಟ್ಟು, ಮುರಿದ ಕಾಲಿನ ಕೆಳಗೆ ಟ್ಯೂಬಿನ ತುಂಡನ್ನು ಸರಿಯಾಗಿ ಕೂರಿಸಿ, ಸ್ವಿಚ್ಚು ಹಾಕಿದ. ಗಾಳಿಗೆ ಅವಳ ಮುಂಗುರುಳು ಹಾರಿತು. ಅವಳು ಪೇಪರನ್ನು ಕೆಳಗಿಟ್ಟು ಅಪ್ಪನ ಮುಖವನ್ನು ನೋಡಿದಳು. ಗುರುವಾರದಿಂದ ಮೊದಲ ಸಲ ಮಾತಾಡಿದಳು.

"ಇದು ನಮ್ದೇನಾ ಅಪ್ಪ?"

'ನಮ್ದೇ' ಎನ್ನಲು ದೇವರಾಜು ಬಾಯಿ ತೆರೆದ. ಗುರುವಾರ ಆಡಿದ ಮಾತೂ ಅದೇ ಎಂದು ನೆನಪಾಗಿ, ಬಗ್ಗಿ ಟ್ಯೂಬಿನ ತುಂಡನ್ನು ಇನ್ನೊಮ್ಮೆ ಸರಿಪಡಿಸಿದ.